ಟುವಾರೆಗ್ ಗಿಟಾರ್: ಮೊದಲು ಹೆಬ್ಬೆರಳು

ಸಹಾರಾ ಮರುಭೂಮಿಯ ಅಲೆಮಾರಿ ಜನಾಂಗ ಟುವಾರೆಗರ ಗಿಟಾರ್ ಶೈಲಿಯನ್ನು ನಾನು ಅಭ್ಯಾಸ ಶುರುಮಾಡುವುದು ಬಲಗೈ ಹೆಬ್ಬೆರಳಿನಿಂದ. ಬ್ಲೂಸ್ ನುಡಿಸಿ ಬಂದವರು ಎಡಗೈಯಿಂದ ಶುರುಮಾಡುತ್ತಾರೆ; ಸ್ವರ ಸರಿಯಿದ್ದರೂ ನಡೆ ಸಿಗುವುದಿಲ್ಲ.

ಟ್ಯೂನಿಂಗ್ ಮಾಮೂಲಿಯದೇ. ಐದನೇ ತಂತಿಯ ಎ ಶ್ರುತಿ. ಎ, ಸಿ, ಡಿ, ಇ, ಜಿ ಎಂಬ ಐದೇ ಸ್ವರ. ಶುದ್ಧ ಧನ್ಯಾಸಿಯ ಸ್ವರಸ್ಥಾನಗಳೇ, ಆದರೆ ಅದರ ಗಮಕ ಇಲ್ಲಿ ಬೇಡ. ತಾಳ 6/8. ಲಯ ತೋರುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ಒಂದು ಬಡಿತಕ್ಕೆ ಮೂರು ಎಣಿಕೆಯಂತೆ ಆರು ಎಣಿಸಿ. 1 ಮತ್ತು 4ಕ್ಕೆ ಹೆಬ್ಬೆರಳು ಎ ತಂತಿಗೆ, 3 ಮತ್ತು 6ಕ್ಕೆ ತೋರುಬೆರಳು ತಾರದ ತೆಳು ತಂತಿಗಳಿಗೆ. ಪಿಕ್ ಬೇಡ. ಅಂಗೈಯ ಅಂಚು ಬ್ರಿಡ್ಜ್ ಹತ್ತಿರ ಎ ತಂತಿಯನ್ನು ಹಗುರವಾಗಿ ಸೋಕುತ್ತಿರಲಿ. ಆಗ ಶ್ರುತಿಯೇ ಬಡಿತವೂ ಆಗುತ್ತದೆ. ಆರನೇ ತಂತಿ ತಗುಲಿದರೆ ಎಲ್ಲ ಕಲಸಿಹೋಗುತ್ತದೆ, ಎಡಗೈ ಹೆಬ್ಬೆರಳಿನಿಂದ ಅದನ್ನು ಮುಚ್ಚಿಡಿ.

ಈ ಬಡಿತ ಗಿಟಾರಿಗಿಂತ ಹಳೆಯದು. ಒರಳಿನ ಬಾಯಿಗೆ ಮೇಕೆ ಚರ್ಮ ಬಿಗಿದು ಹೆಂಗಸರು ಬಾರಿಸುವ ತೆಂಡೆಯ ನಡೆ ಅದು. ಮೇಲಿನ ರಾಗದ ಎಳೆಯಲ್ಲಿ ಮೂರು ತಂತಿಯ ಮೀಟುವಾದ್ಯ ತೆಹಾರ್ದೆಂತ್ ಕೇಳಿಸುತ್ತದೆ. ತೆಹಾರ್ದೆಂತ್ ಕುಲವೃತ್ತಿಯ ಗಾಯಕರದು, ಒಂಟಿ ತಂತಿಯ ಪಿಟೀಲು ಇಮ್ಜಾದ್ ಹೆಂಗಸರದು. ಬರಗಾಲ, ದಂಗೆಗಳಿಂದ ಊರು ಬಿಟ್ಟು ಅಲ್ಜೀರಿಯಾ, ಲಿಬಿಯಾ ಸೇರಿದ ಹುಡುಗರಿಗೆ ಯಾರ ಸೊತ್ತೂ ಅಲ್ಲದ ಗಿಟಾರ್ ದಕ್ಕಿತು ಎಂದೇ ನನ್ನ ನಂಬಿಕೆ. ಅವರಲ್ಲೊಬ್ಬರಾದ ಇಬ್ರಾಹಿಂ ಅಗ್ ಅಲ್ಹಬೀಬ್ ತಮ್ಮ ಮೊದಲ ಗಿಟಾರನ್ನು ತಗಡಿನ ಡಬ್ಬಿ, ಕೋಲು, ಸೈಕಲ್ ಬ್ರೇಕ್ ತಂತಿಯಿಂದ ಮಾಡಿಕೊಂಡರು. 1979ರಲ್ಲಿ ಅಲ್ಜೀರಿಯಾದ ತಮನ್ರಾಸೆಟ್‌ನಲ್ಲಿ ಅವರು ಕಟ್ಟಿದ ತಂಡವೇ ತಿನಾರಿವೆನ್. ಹಾಡುಗಳು ಹರಡಿದ್ದು ಕೈಯಿಂದ ಕೈಗೆ ಹೋದ ಕ್ಯಾಸೆಟ್‌ಗಳಲ್ಲಿ.

ಎಡಗೈಗೆ ಒಂದೇ ಪಾಠ ಸಾಕು. ಮೂರನೇ ತಂತಿಯನ್ನು ತೆರೆದು ಮೀಟಿ, ಎರಡನೇ ಫ್ರೆಟ್‌ಗೆ ಬೆರಳು ಬಡಿದು ಜಿ-ಎ ಮಾಡಿ. ಆಮೇಲೆ ಎರಡನೇ ತಂತಿಯ ಮೂರನೇ ಫ್ರೆಟ್‌ನಲ್ಲಿ ಡಿ ಮೀಟಿ, ಬೆರಳನ್ನು ಕಿತ್ತು ಒಂದನೇ ಫ್ರೆಟ್‌ನ ಸಿ ಸ್ವರಕ್ಕೆ ಇಳಿದು, ಮತ್ತೆ ಎ ಸ್ವರಕ್ಕೆ ಬನ್ನಿ. ಎಡಗೈ ಕಸರತ್ತು ಮಾಡುವಾಗ ಬಲ ಹೆಬ್ಬೆರಳು ತಡವರಿಸುವುದೇ ಎಲ್ಲರಿಗೂ ಆಗುವ ತೊಂದರೆ. ಆಗ ವೇಗ ಇಳಿಸಿ, ರಾಗ ಬಿಟ್ಟರೂ ಬಡಿತ ಬಿಡಬೇಡಿ. ಪೂರ್ತಿ ಕಾರ್ಡ್ ಹಿಡಿದರೆ ಶ್ರುತಿ ಮುಳುಗುತ್ತದೆ. ದನಿಗೆ ಹೊಂದದಿದ್ದರೆ ಎಲ್ಲ ತಂತಿಗಳನ್ನೂ ಒಂದೇ ಫ್ರೆಟ್‌ನಲ್ಲಿ ಒತ್ತಿ ಹಿಡಿಯುವ ಕೇಪೋ ಹಾಕಿ, ಬೆರಳಿನ ಜಾಗ ಬದಲಿಸಬೇಡಿ.

ನೈಜರ್‌ನ ಎಡಚ ವಾದಕ ಮ್ದೂ ಮೊಕ್ತಾರ್ ಅವರ ಮಿಂಚಿನ ವೇಗ, ಒರಟು ಡಿಸ್ಟಾರ್ಷನ್ ಮುಂದಿನ ಹಂತ. ಆರಂಭದಲ್ಲಿ ಆಂಪ್ಲಿಫೈಯರನ್ನು ಕ್ಲೀನ್ ಆಗಿಯೇ ಇಡಿ. ಗೇನ್ ಏರಿಸಿದರೆ ಹೆಬ್ಬೆರಳಿನ ತಪ್ಪು ನಿಮಗೇ ಕೇಳಿಸುವುದಿಲ್ಲ.