ಹಾಡು ಕೇಳದವರಿಗೂ ಫ್ರೆಡ್ಡಿ ಮರ್ಕ್ಯುರಿ: ಒಂದು ಕ್ವಿಜ್ ರೌಂಡ್ ಕಟ್ಟುವ ಬಗೆ

ಪಾಪ್ ಗಾಯಕನೊಬ್ಬನ ಮೇಲೆ ಕ್ವಿಜ್ ರೌಂಡ್ ಮಾಡಬೇಕು ಅಂತಿದ್ದರೆ ಮೊದಲು ಒಂದು ಮಾತು ಒಪ್ಪಿಕೊಳ್ಳಿ. ಎದುರಿಗೆ ಕೂತವರಲ್ಲಿ ಮುಕ್ಕಾಲು ಜನ ಅವನ ಹಾಡು ಕೇಳಿರುವುದಿಲ್ಲ. ಶಿವಮೊಗ್ಗದ ನಮ್ಮ ಬಡಾವಣೆಯ ಗಣಪತಿ ಪೆಂಡಾಲಿನಲ್ಲಿ ಪ್ರತಿ ವರ್ಷ ಕ್ವಿಜ್ ನಡೆಸುವುದು ನನ್ನ ತಲೆಗೆ ಕಟ್ಟಿದ ಕೆಲಸ. ಟೀಮುಗಳಲ್ಲಿ ಯಾರ್‍ಯಾರು ಇರುತ್ತಾರೆ ಗೊತ್ತಾ? ನಿವೃತ್ತ ಪೋಸ್ಟ್‌ಮಾಸ್ಟರ್ ಒಬ್ಬರು, ಹಲ್ಲಿನ ಡಾಕ್ಟರಮ್ಮ, ಪಂಚಾಂಗ ಬಾಯಿಪಾಠ ಇರುವ ಜೋಯಿಸರು, ರಜೆಗೆ ಬಂದ ಬೆಂಗಳೂರಿನ ಐಟಿ ಹುಡುಗರು, ಆಮೇಲೆ ಎಲ್ಲದಕ್ಕೂ ಮೊದಲು ಬಜರ್ ಒತ್ತುವ ಪಿಯು ಮಕ್ಕಳು. ಇವರಿಗೆಲ್ಲ ಬ್ರಿಟನ್ನಿನ 'ಕ್ವೀನ್' ರಾಕ್ ಬ್ಯಾಂಡಿನ ಗಾಯಕ ಫ್ರೆಡ್ಡಿ ಮರ್ಕ್ಯುರಿ ಬಗ್ಗೆ ಪ್ರಶ್ನೆ ಕೇಳುತ್ತೇನೆ ಅಂದರೆ "ಮೇಷ್ಟ್ರೇ, ನಮಗ್ಯಾಕೆ ಇದೆಲ್ಲ?" ಅನ್ನುವವರೇ ಜಾಸ್ತಿ.

ಆದರೂ ಅವನನ್ನೇ ಆರಿಸಿಕೊಳ್ಳಿ ಅನ್ನುತ್ತೇನೆ. ಅವನ ಜೀವನದ ವಿಚಿತ್ರ ಸಂಗತಿಗಳು ಸಂಗೀತದ ಒಳಗೇ ಉಳಿಯುವುದಿಲ್ಲ. ಅಂಚೆ ಚೀಟಿ, ಹಲ್ಲು, ರಾಶಿ, ಗಿರಿಧಾಮ, ಆಕಾಶಕಾಯ, ಎಲ್ಲದಕ್ಕೂ ಹೋಗಿ ತಾಗುತ್ತವೆ. ಕ್ವಿಜ್ ಮಾಡುವವನಿಗೆ ಬೇಕಾದದ್ದು ಅದೇ.

ಬರೀ ಅಚ್ಚರಿಯ ಸಂಗತಿ ಪ್ರಶ್ನೆ ಆಗುವುದಿಲ್ಲ. "ಫ್ರೆಡ್ಡಿ ಮರ್ಕ್ಯುರಿಯ ನಿಜವಾದ ಹೆಸರೇನು?" ಅಂತ ಕೇಳಿದಿರಿ ಅನ್ನಿ. ಫರ್ರೋಖ್ ಬುಲ್ಸಾರಾ. ಗೊತ್ತಿದ್ದವನು ಹೇಳುತ್ತಾನೆ, ಗೊತ್ತಿಲ್ಲದವನು ಪಾಸ್ ಅನ್ನುತ್ತಾನೆ. ಯೋಚನೆ ಮಾಡುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಪ್ರಶ್ನೆಗೆ ಒಂದು ಹಿಡಿ ಬೇಕು. ಆ ಸಂಗತಿ ಕೇಳೇ ಇಲ್ಲದವರೂ ತಮಗೆ ಗೊತ್ತಿರುವ ಬೇರೆ ಏನನ್ನೋ ಹಿಡಿದುಕೊಂಡು ಉತ್ತರದ ಹತ್ತಿರ ಬರುವಂತಿರಬೇಕು.

ಶುರುವಿಗೆ ಸುಲಭದ್ದು ಕೊಡಿ. "1946ರಲ್ಲಿ ಹುಟ್ಟಿದ ಈ ಗಾಯಕನ ಹುಟ್ಟುಹಬ್ಬದ ದಿನವೇ ಭಾರತದ ಶಾಲೆಗಳಲ್ಲೆಲ್ಲ ಮಕ್ಕಳು ಹೂವು ಹಿಡಿದು ಬರುತ್ತಾರೆ, ಭಾಷಣ ಆಗುತ್ತದೆ. ಆದರೆ ಅವನಿಗೋಸ್ಕರ ಅಲ್ಲ. ತಾರೀಕು ಯಾವುದು?" ಸೆಪ್ಟೆಂಬರ್ 5, ಶಿಕ್ಷಕರ ದಿನಾಚರಣೆ. ಗಣಪತಿ ಹಬ್ಬದ ಆಸುಪಾಸಿನಲ್ಲೇ ಬರುವುದರಿಂದ ನಮ್ಮ ಪೆಂಡಾಲಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಯಾವ ಟೀಮೂ ಇದನ್ನು ಬಿಡುವುದಿಲ್ಲ. ಮೊದಲ ಪ್ರಶ್ನೆಗೇ ಎಲ್ಲರಿಗೂ ಪಾಯಿಂಟ್ ಸಿಕ್ಕರೆ "ನಮಗ್ಯಾಕೆ" ಅನ್ನುವುದು ನಿಲ್ಲುತ್ತದೆ.

ಎರಡನೆಯದು ಊರಿನದು. ಇದಕ್ಕೆ ಸ್ವಲ್ಪ ಕಷ್ಟಪಡಬೇಕು, ಯಾಕೆಂದರೆ ಸಾಮಗ್ರಿ ಜಾಸ್ತಿ ಇದೆ. ಫ್ರೆಡ್ಡಿ ಹುಟ್ಟಿದ್ದು ಆಫ್ರಿಕಾದ ಕರಾವಳಿಯಾಚೆ ಇರುವ ಜಂಜಿಬಾರ್ ದ್ವೀಪದಲ್ಲಿ. ಗುಜರಾತ್ ಮೂಲದ ಪಾರ್ಸಿ ಕುಟುಂಬ. ತಂದೆ ಅಲ್ಲಿ ಬ್ರಿಟಿಷ್ ಸರ್ಕಾರದ ಕೆಲಸದಲ್ಲಿ ಕ್ಯಾಷಿಯರ್. ಮಗನಿಗೆ ಎಂಟು ವರ್ಷ ಆಗುವ ಹೊತ್ತಿಗೆ ಅವನನ್ನು ಹಡಗು ಹತ್ತಿಸಿ ಭಾರತದ ಬೋರ್ಡಿಂಗ್ ಶಾಲೆಗೆ ಕಳಿಸಿದರು. ಪಂಚಗಣಿಯ ಸೇಂಟ್ ಪೀಟರ್ಸ್. ಫರ್ರೋಖ್ 'ಫ್ರೆಡ್ಡಿ' ಆದದ್ದು ಇಲ್ಲೇ, ಗೆಳೆಯರ ಬಾಯಲ್ಲಿ. ಪಿಯಾನೊ ಪಾಠ, ಶಾಲೆಯ ಕಾಯರ್ (ಒಟ್ಟಿಗೆ ಹಾಡುವ ತಂಡ), ಆಮೇಲೆ ಐದು ಹುಡುಗರ ಒಂದು ಬ್ಯಾಂಡು, ಹೆಸರು 'ದಿ ಹೆಕ್ಟಿಕ್ಸ್'. ಆ ಬ್ಯಾಂಡಿನಲ್ಲಿ ಮುಖ್ಯ ಗಾಯಕ ಅವನಲ್ಲ, ಅವನು ಪಿಯಾನೊ ನುಡಿಸುವವನು! ಮುಂದೆ ಲಂಡನ್ನಿನ ವೆಂಬ್ಲಿ ಸ್ಟೇಡಿಯಂ ತುಂಬ ಜನರನ್ನು ಒಂದೇ ಕೈಸನ್ನೆಯಲ್ಲಿ ಹಾಡಿಸಿದ ಮನುಷ್ಯ ಶಾಲೆಯಲ್ಲಿ ಪಕ್ಕದಲ್ಲಿ ಕೂತು ಪಿಯಾನೊ ಬಾರಿಸುತ್ತಿದ್ದ. ನನಗೆ ಅವನ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದು.

ಈಗ ಇದಕ್ಕೆ ಹಿಡಿ ಹಾಕಿ. "ಪುಣೆ–ಬೆಂಗಳೂರು ಹೆದ್ದಾರಿಯಿಂದ ವಾಯಿ ಊರಿನ ಕಡೆ ತಿರುಗಿ ಘಾಟಿ ಹತ್ತಿದರೆ ಈ ಊರು ಸಿಗುತ್ತದೆ. ಸ್ಟ್ರಾಬೆರಿಗೆ ಹೆಸರುವಾಸಿ. ಮಹಾಬಲೇಶ್ವರಕ್ಕೆ ಹೋಗುವವರು ದಾರಿಯಲ್ಲಿ ಇಳಿಯುತ್ತಾರೆ. ಬೋರ್ಡಿಂಗ್ ಶಾಲೆಗಳ ಊರು ಬೇರೆ. ಬ್ರಿಟನ್ನಿನ ದೊಡ್ಡ ಗಾಯಕನೊಬ್ಬ ಓದಿದ್ದೂ ಇಲ್ಲೇ. ಯಾವ ಊರು?" ಮಹಾಬಲೇಶ್ವರಕ್ಕೆ ಒಮ್ಮೆ ಟೂರ್ ಹೋಗಿ ಬಂದ ಅಮ್ಮಂದಿರು ಇದನ್ನು ಐಟಿ ಹುಡುಗರಿಗಿಂತ ಬೇಗ ಹೇಳುತ್ತಾರೆ.

ಒಂದು ಎಚ್ಚರ. "ಅವನು ಯಾವ ದೇಶದವನು?" ಅಂತ ಮಾತ್ರ ಕೇಳಬೇಡಿ. ಹುಟ್ಟಿದ್ದು ಜಂಜಿಬಾರ್, ಮನೆತನ ಭಾರತದ್ದು, ಧರ್ಮದ ಬೇರು ಇರಾನಿನಲ್ಲಿ. 1964ರ ಜನವರಿಯಲ್ಲಿ ಜಂಜಿಬಾರ್‌ನಲ್ಲಿ ಕ್ರಾಂತಿ ಆಗಿ ರಕ್ತಪಾತ ನಡೆದಾಗ ಕುಟುಂಬ ಓಡಿಬಂದು ನೆಲೆಸಿದ್ದು ಲಂಡನ್ ಹತ್ತಿರದ ಫೆಲ್ತಮ್‌ನಲ್ಲಿ. ನಾಲ್ಕು ಟೀಮು ನಾಲ್ಕು ಉತ್ತರ ಹೇಳಿ ನಾಲ್ಕೂ ಸರಿ ಅಂತ ವಾದ ಮಾಡಿದರೆ ಏನು ಮಾಡುತ್ತೀರಿ? ಹುಟ್ಟಿದ ಊರು, ಓದಿದ ಊರು ಅಂತ ಬಿಡಿಬಿಡಿಯಾಗಿ ಕೇಳಿ. ಮೈಕು ನಿಮ್ಮ ಕೈಯಲ್ಲೇ ಉಳಿಯುತ್ತದೆ.

ನಮ್ಮ ಜೋಯಿಸರಿಗೋಸ್ಕರ ಇಟ್ಟುಕೊಂಡದ್ದು ಲಾಂಛನದ ಪ್ರಶ್ನೆ. ಫ್ರೆಡ್ಡಿ ಲಂಡನ್ನಿನ ಈಲಿಂಗ್ ಕಲಾ ಕಾಲೇಜಿನಲ್ಲಿ ಗ್ರಾಫಿಕ್ ಡಿಸೈನ್ ಓದಿದವನು. 1970ರಲ್ಲಿ ಶುರುವಾದ ಕ್ವೀನ್ ಬ್ಯಾಂಡಿನ ಲಾಂಛನ ಬರೆದದ್ದೂ ಅವನೇ. ಅದರ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ತೋರಿಸಿ. "ಇದರಲ್ಲಿ ಎರಡು ಸಿಂಹ, ಒಂದು ಏಡಿ, ಇಬ್ಬರು ಪುಟ್ಟ ಕಿನ್ನರಿಯರು ಇದ್ದಾರೆ. ಬ್ಯಾಂಡಿನಲ್ಲಿ ನಾಲ್ಕು ಜನ. ಲೆಕ್ಕ ಹೇಗೆ?" ಸಿಂಹ, ಏಡಿ ಅಂತ ಕಿವಿಗೆ ಬಿದ್ದರೆ ಸಾಕು, ಜೋಯಿಸರು ನೆಟ್ಟಗೆ ಕೂರುತ್ತಾರೆ. ಸಿಂಹ ರಾಶಿಯವರು ಇಬ್ಬರು, ರೋಜರ್ ಟೇಲರ್ ಮತ್ತು ಜಾನ್ ಡೀಕನ್. ಕಟಕ ಬ್ರಯಾನ್ ಮೇ. ಕನ್ಯಾ ರಾಶಿ ಫ್ರೆಡ್ಡಿಯದು, ಕಿನ್ನರಿಯರು ಅವನ ಪಾಲಿನವರು. ಇದು ಪೇಪರಿನಲ್ಲಿ ಬರುವ, ಹುಟ್ಟಿದ ತಾರೀಕಿನ ರಾಶಿ, ನಮ್ಮ ಪಂಚಾಂಗದ ಚಂದ್ರರಾಶಿ ಅಲ್ಲ ಅಂತ ಮೊದಲೇ ಹೇಳಿಬಿಡಿ. ಇಲ್ಲವಾದರೆ ಜೋಯಿಸರು ನಕ್ಷತ್ರ ಕೇಳುತ್ತಾರೆ.

ಪೋಸ್ಟ್‌ಮಾಸ್ಟರಿಗೆ ಅಂಚೆ ಚೀಟಿ. ಈ ಸಂಗತಿ ಎರಡು ತುದಿಯಿಂದಲೂ ಸೊಗಸು. ಚಿಕ್ಕವನಿದ್ದಾಗ ಫ್ರೆಡ್ಡಿಗೆ ಸ್ಟಾಂಪ್ ಕೂಡಿಸುವ ಹುಚ್ಚು. ಆ ಆಲ್ಬಮ್ ಈಗ ಲಂಡನ್ನಿನ ಅಂಚೆ ಮ್ಯೂಸಿಯಂನಲ್ಲಿದೆ. ಅವನು ಸತ್ತ ಮೇಲೆ, 1999ರಲ್ಲಿ, ಬ್ರಿಟನ್ನಿನ ಅಂಚೆ ಇಲಾಖೆ ಅವನದೇ ಸ್ಟಾಂಪ್ ತಂದಿತು. ವೇದಿಕೆಯ ಮೇಲೆ ಮೈಕಿನ ಕೋಲು ಹಿಡಿದ ಫ್ರೆಡ್ಡಿ, ಹಿಂದೆ ಡ್ರಮ್ಸ್, ಡ್ರಮ್ಸ್ ಹಿಂದೆ ಚಿಕ್ಕದಾಗಿ ರೋಜರ್ ಟೇಲರ್. ಅದಕ್ಕೇ ಗಲಾಟೆ ಆಯಿತು. ಪ್ರಶ್ನೆ ಇಷ್ಟೇ: "ಹಿಂದೆ ಕಾಣುವ ಡ್ರಮ್ಮರ್ ಯಾಕೆ ತಕರಾರಿಗೆ ಕಾರಣನಾದ?" ಬದುಕಿರುವವರ ಪೈಕಿ ರಾಜಮನೆತನದವರು ಮಾತ್ರ ಸ್ಟಾಂಪಿನಲ್ಲಿ ಬರಬೇಕು ಅನ್ನುವ ರೂಢಿ ಅಲ್ಲಿತ್ತು. ರೋಜರ್ ಬದುಕಿದ್ದ, ರಾಜಮನೆತನದವನೂ ಅಲ್ಲ. ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದವರು ಕ್ವೀನ್ ಹೆಸರು ಕೇಳದಿದ್ದರೂ ಇದನ್ನು ಹೇಳುತ್ತಾರೆ. ಪೋಸ್ಟ್‌ಮಾಸ್ಟರಿಗೆ ಒಗಟು ಬಿಡಿಸಿದ ಖುಷಿ, ಬೆಂಗಳೂರಿನ ಹುಡುಗರಿಗೆ ಹೊಟ್ಟೆ ಉರಿ.

ಹಲ್ಲಿನ ಡಾಕ್ಟರಮ್ಮನ ಪ್ರಶ್ನೆ ಚಿಕ್ಕದು. ಫ್ರೆಡ್ಡಿಗೆ ಮೇಲಿನ ದವಡೆಯಲ್ಲಿ ನಾಲ್ಕು ಹಲ್ಲು ಜಾಸ್ತಿ ಇದ್ದವು. ಅದಕ್ಕೇ ಮುಂದಿನ ಹಲ್ಲು ಉಬ್ಬಿದ್ದು. ದುಡ್ಡು ಬಂದ ಮೇಲೂ ಅವನ್ನು ತೆಗೆಸಲಿಲ್ಲ. ಯಾಕೆ? ದನಿ ಬದಲಾಗಿಬಿಟ್ಟರೆ ಅನ್ನುವ ಹೆದರಿಕೆ. ಇದನ್ನು ಕೇಳುವಾಗ ಹಲ್ಲಿನ ಬಗ್ಗೆ ತಮಾಷೆ ಬೇಡ. ಸಭೆಯಲ್ಲಿ ಉಬ್ಬುಹಲ್ಲಿನ ಮಗು ಒಂದಾದರೂ ಇರುತ್ತದೆ.

ವಿಜ್ಞಾನದ ಮಕ್ಕಳಿಗೆ ಬ್ರಯಾನ್ ಮೇ ಸಾಕು. ಬ್ಯಾಂಡು ಬೆಳೆಯಿತು ಅಂತ ಖಗೋಳ ವಿಜ್ಞಾನದ ಪಿಎಚ್‌ಡಿಯನ್ನು ಅರ್ಧಕ್ಕೆ ಬಿಟ್ಟ ಗಿಟಾರಿಸ್ಟ್, 2007ರಲ್ಲಿ ಅದನ್ನು ಮುಗಿಸಿದ. ಫ್ರೆಡ್ಡಿಗೆ 70 ತುಂಬಬೇಕಿದ್ದ ದಿನ, 2016ರಲ್ಲಿ, ಒಂದು ಕ್ಷುದ್ರಗ್ರಹಕ್ಕೆ ಫ್ರೆಡ್ಡಿಯ ಹೆಸರು ಇಟ್ಟ ಸುದ್ದಿಯನ್ನು ಬ್ರಯಾನನೇ ಹೇಳಿದ. ಆ ಕ್ಷುದ್ರಗ್ರಹದ ಸಂಖ್ಯೆ 17473. ಸಂಖ್ಯೆ ಕೇಳಬೇಡಿ, ಅದು ಹಿಂಸೆ. ಡಾಕ್ಟರೇಟ್ ಯಾವ ವಿಷಯದಲ್ಲಿ ಅಂತ ಕೇಳಿ.

ಇನ್ನು ಸಂಗತಿಗಳನ್ನು ಜರಡಿ ಹಿಡಿಯುವ ವಿಷಯ. ಫ್ರೆಡ್ಡಿ ಬಗ್ಗೆ ವಾಟ್ಸಾಪಿನಲ್ಲಿ ಬರುವ ಅಚ್ಚರಿಗಳಲ್ಲಿ ಕೆಲವು ಅರೆಬೆಂದವು. 'ನಾಲ್ಕು ಆಕ್ಟೇವ್ ದನಿ', ಅಂದರೆ ನಾಲ್ಕು ಸಪ್ತಕದ ದನಿ, ಅನ್ನುವುದನ್ನೇ ತೆಗೆದುಕೊಳ್ಳಿ. ಯುರೋಪಿನ ಸಂಶೋಧಕರು 2016ರಲ್ಲಿ ಅವನ ಧ್ವನಿಮುದ್ರಣಗಳನ್ನು ಅಳೆದು ನೋಡಿದಾಗ ಅದನ್ನು ಖಚಿತಪಡಿಸಲು ಆಗಲಿಲ್ಲ. ಬದಲಿಗೆ ಬೇರೆ ಎರಡು ಸಿಕ್ಕವು. ಮಾತಾಡುವಾಗ ಅವನದು ತಗ್ಗಿನ ದನಿ, ಬ್ಯಾರಿಟೋನ್. ಹಾಡುವಾಗ ದನಿಯ ಕಂಪನ ಸಾಮಾನ್ಯ ಗಾಯಕರಿಗಿಂತ ವೇಗ, ಸೆಕೆಂಡಿಗೆ ಸುಮಾರು ಏಳು ಸಲ. ನಿಜ ಸಂಗತಿಯೇ ಹೆಚ್ಚು ಮಜವಾಗಿದೆ, ಅಲ್ವಾ? 'ಮೊಟ್ಟಮೊದಲ', 'ಜಗತ್ತಿನಲ್ಲೇ ಅತಿ' ಅಂತ ಶುರುವಾಗುವ ಸಾಲು ಕಂಡರೆ ನಾನು ಸುಮ್ನೆ ಹೊಡೆದುಹಾಕುತ್ತೇನೆ.

ಸಿನಿಮಾ ನೋಡಿ ಪ್ರಶ್ನೆ ಮಾಡುವುದು ಇನ್ನೂ ಅಪಾಯ. ಅವನ ಮೇಲೆ 2018ರಲ್ಲಿ ಬಂದ ಚಿತ್ರದಲ್ಲಿ, 1985ರ 'ಲೈವ್ ಏಡ್' ಸಂಗೀತ ಕಾರ್ಯಕ್ರಮಕ್ಕೆ ಮುಂಚೆಯೇ ಅವನು ಗೆಳೆಯರಿಗೆ ತನ್ನ ಏಡ್ಸ್ ಕಾಯಿಲೆಯ ವಿಷಯ ಹೇಳುತ್ತಾನೆ. ಅವನ ಸಂಗಾತಿ ಹೇಳಿದಂತೆ ಕಾಯಿಲೆ ಗೊತ್ತಾದದ್ದು 1987ರಲ್ಲಿ. ಕಾಲು ಬಡಿದು ಚಪ್ಪಾಳೆ ತಟ್ಟುವ 'ವಿ ವಿಲ್ ರಾಕ್ ಯೂ' ಹಾಡು ಚಿತ್ರದಲ್ಲಿ 1980ರಲ್ಲಿ ಹುಟ್ಟುತ್ತದೆ. ನಿಜಕ್ಕೂ ಅದು 1977ರದು. ಸಿನಿಮಾದವರಿಗೆ ಕಥೆ ಕೂಡಿಬರಬೇಕು, ಅವರದೇನೂ ತಪ್ಪಿಲ್ಲ. ಆದರೆ ಪೆಂಡಾಲಿನಲ್ಲಿ ಫೋನ್ ತೆಗೆದು ನೋಡುವವರು ನಿಮ್ಮನ್ನು ಬಿಡುವುದಿಲ್ಲ.

ಆ ಹಾಡು ನಿಮ್ಮ ಆಡಿಯೊ ಪ್ರಶ್ನೆ ಆಗಬೇಕು. ಪೂರ್ತಿ ಹಾಕಬೇಡಿ. ಧಪ್ ಧಪ್ ಚಪ್, ಧಪ್ ಧಪ್ ಚಪ್, ಅಷ್ಟೇ. ಕ್ರಿಕೆಟ್ ಮ್ಯಾಚ್ ನೋಡುವ ಯಾರಿಗಾದರೂ ಗೊತ್ತು. ಎಲ್ಲರೂ ಕಾಲು ಬಡಿಯಲು ಶುರು ಮಾಡಿದ ಮೇಲೆ ಕೇಳಿ: "ಈಗ ಕೇಳಿಸಿದ ತಾಳ ಯಾವ ವಾದ್ಯದ್ದು?" ಡ್ರಮ್ಸ್ ಅನ್ನುತ್ತಾರೆ. ಅದರಲ್ಲಿ ಡ್ರಮ್ಸ್ ಇಲ್ಲ! ಮರದ ಹಲಗೆಗಳ ಮೇಲೆ ಕಾಲು ಬಡಿದು, ಚಪ್ಪಾಳೆ ತಟ್ಟಿ, ಅದನ್ನೇ ಮತ್ತೆ ಮತ್ತೆ ಒಂದರ ಮೇಲೊಂದು ರೆಕಾರ್ಡ್ ಮಾಡಿದ್ದು. ಇನ್ನೊಂದು ಬಲೆ ಬೇಕಿದ್ದರೆ ಬರೆದವರು ಯಾರು ಅಂತ ಕೇಳಿ. ಫ್ರೆಡ್ಡಿ ಅಲ್ಲ, ಬ್ರಯಾನ್ ಮೇ. ಅದೇ ರೆಕಾರ್ಡಿನ ಜೊತೆಹಾಡು 'ವಿ ಆರ್ ದ ಚಾಂಪಿಯನ್ಸ್' ಫ್ರೆಡ್ಡಿಯದು. ಈ ಪ್ರಶ್ನೆಯನ್ನು ರೌಂಡಿನ ನಡುವೆ ಇಡಿ, ಜನ ತೂಕಡಿಸುವ ಹೊತ್ತಿಗೆ.

ಅವನ ಸಾವಿನ ಬಗ್ಗೆ ಕೇಳಬೇಕೋ ಬೇಡವೋ ಅಂತ ನನ್ನ ಅಳಿಯನಿಗೂ ನನಗೂ ವಾದ ಆಗಿದೆ. ಮಕ್ಕಳ ಎದುರು ಏಡ್ಸ್ ಮಾತು ಬೇಡ ಮಾವ ಅನ್ನುವುದು ಅವನ ಪಟ್ಟು. ಬೇಡ ಅನ್ನುವಂಥದ್ದೇನೂ ಅದರಲ್ಲಿಲ್ಲ ಅಂತ ನನ್ನದು. ಮುಚ್ಚಿಟ್ಟರೆ ಗುಸುಗುಸು ಜಾಸ್ತಿ ಆಗುತ್ತದೆ. ಆದರೆ ಕಾಯಿಲೆಯ ಹೆಸರನ್ನು ಉತ್ತರವಾಗಿ ಕೇಳಬೇಡಿ, ಬಜರ್ ಒತ್ತಿ ಕೂಗಿ ಹೇಳುವ ಮಾತಲ್ಲ ಅದು. ಪ್ರಶ್ನೆಯೊಳಗೇ ನೇರವಾಗಿ ಹೇಳಿಬಿಡಿ. "1991ರ ನವೆಂಬರ್ 23ರಂದು ತನಗೆ ಏಡ್ಸ್ ಇದೆ ಎಂದು ಫ್ರೆಡ್ಡಿ ಹೇಳಿಕೆ ಕೊಟ್ಟ. ಮರುದಿನ, 45ನೇ ವಯಸ್ಸಿನಲ್ಲಿ, ತೀರಿಕೊಂಡ. ಏಡ್ಸ್ ವಿರುದ್ಧ ಕೆಲಸ ಮಾಡಲು ಗೆಳೆಯರು ಕಟ್ಟಿದ ಟ್ರಸ್ಟಿಗೆ ಅವನ ಹೆಸರಿನ ಜೊತೆ ಒಂದು ಹಕ್ಕಿಯ ಹೆಸರೂ ಇದೆ. ನೀವು ಆಗಲೇ ನೋಡಿದ ಲಾಂಛನದಲ್ಲಿ, ಎಲ್ಲರ ಮೇಲೆ ರೆಕ್ಕೆ ಬಿಚ್ಚಿ ನಿಂತದ್ದು ಅದೇ. ಯಾವುದು?" ಫೀನಿಕ್ಸ್. ಮರ್ಕ್ಯುರಿ ಫೀನಿಕ್ಸ್ ಟ್ರಸ್ಟ್. ಲಾಂಛನದ ಪ್ರಿಂಟನ್ನು ಕೆಳಗೆ ಇಳಿಸಬೇಡಿ ಅಂತ ವಾಲಂಟಿಯರ್ ಹುಡುಗರಿಗೆ ಮೊದಲೇ ಹೇಳಿಟ್ಟಿರಿ. ಚೆನ್ನಾಗಿ ನೋಡಿದ ಟೀಮಿಗೆ ಪಾಯಿಂಟ್ ಸಿಗಲಿ.

ಬೆಕ್ಕುಗಳ ಬಗ್ಗೆ ಒಂದು ಪ್ರಶ್ನೆ ಇರಲಿ, ಮಕ್ಕಳಿಗೆ. 1985ರ ತನ್ನ ಸೋಲೊ ಆಲ್ಬಮನ್ನು ಅವನು ಅರ್ಪಿಸಿದ್ದು ಜೆರ್‍ರಿ ಅನ್ನುವ ತನ್ನ ಬೆಕ್ಕಿಗೆ. ಜೊತೆಗೆ ಇನ್ನೂ ಮೂರು ಬೆಕ್ಕುಗಳಿಗೂ. ಆ ಮೂರರಲ್ಲಿ ಒಂದರ ಹೆಸರು ಊಹಿಸಿ ಅಂದರೆ ಯುಕೆಜಿ ಮಗುವೂ ಟಾಮ್ ಅನ್ನುತ್ತದೆ.

ಒಟ್ಟು ಎಂಟು ಪ್ರಶ್ನೆ ಸಾಕು, ಹತ್ತು ಅಂದರೆ ಜಾಸ್ತಿ ಆಯಿತು. ಉತ್ತರ ಹೇಳಿದ ಮೇಲೆ ಒಂದೇ ಒಂದು ವಾಕ್ಯ ವಿವರಣೆ ಕೊಡಿ, ಭಾಷಣ ಬೇಡ. ಪ್ರಸಾದ ಕಾಯುತ್ತಿರುತ್ತದೆ. ಅರ್ಧ ಸರಿ ಉತ್ತರಕ್ಕೆ ಅರ್ಧ ಪಾಯಿಂಟ್ ಕೊಡುತ್ತೀರೋ ಇಲ್ಲವೋ ಅನ್ನುವುದನ್ನು ರೌಂಡಿಗೆ ಮೊದಲೇ ಮೈಕಿನಲ್ಲಿ ಹೇಳಿ.

ಟೈ ಆದರೆ? ಆಗಿಯೇ ಆಗುತ್ತದೆ. ಅದಕ್ಕೆ ಒಂದು ಅಂದಾಜಿನ ಪ್ರಶ್ನೆ ಜೇಬಿನಲ್ಲಿರಲಿ. 1975ರ 'ಬೋಹೀಮಿಯನ್ ರಾಪ್ಸೊಡಿ' ಹಾಡು ರೇಡಿಯೊಗೆ ತೀರಾ ಉದ್ದ ಆಯಿತು ಅಂತ ರೆಕಾರ್ಡ್ ಕಂಪನಿಯವರು ತಲೆ ಕೆಡಿಸಿಕೊಂಡಿದ್ದರು. ಆಮೇಲೆ ಅದು ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ಕೂತಿತು. ಅದರ ಉದ್ದ ಎಷ್ಟು? ಪ್ರತಿ ಟೀಮೂ ಚೀಟಿಯಲ್ಲಿ ನಿಮಿಷ, ಸೆಕೆಂಡು ಬರೆದು ಕೊಡಲಿ. 5 ನಿಮಿಷ 55 ಸೆಕೆಂಡಿಗೆ ಯಾರು ಹತ್ತಿರವೋ ಅವರಿಗೆ ಟ್ರೋಫಿ. ಇಬ್ಬರೂ ಒಂದೇ ಬರೆದಿದ್ದರೆ ಅದೇ ಹಾಡಿನ ಕೈಬರಹದ ಹಾಳೆಗಳು 2023ರ ಲಂಡನ್ ಹರಾಜಿನಲ್ಲಿ ಎಷ್ಟಕ್ಕೆ ಹೋದವು ಅಂತ ಕೇಳಿ. ಸುಮಾರು 13.8 ಲಕ್ಷ ಪೌಂಡು. ರೂಪಾಯಿಯಲ್ಲಿ ಹೇಳಬಹುದಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಬೇಡ ಅನ್ನಿ, ಅಲ್ಲೊಂದು ಹೊಸ ಜಗಳ ಶುರುವಾಗುತ್ತದೆ.