ಮ್ಯಾಶ್ ಪಾತ್ರೆಯಲ್ಲಿ ಹಿಡಿಯುತ್ತದಾ? ಮೊದಲೇ ಲೆಕ್ಕ ಹಾಕಿ

ಕಾರವಾರದ ಮನೆಯಲ್ಲಿ ಬಿಯರ್ ಮಾಡುವಾಗ 6 ಕೆಜಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಹಾಕಿದರೆ ಪ್ರತಿ ಸಲ ಮ್ಯಾಶ್, ಅಂದರೆ ಬಿಸಿ ನೀರಿನಲ್ಲಿ ಕಲಸಿದ ಮಾಲ್ಟ್, ಉಕ್ಕಿ ಒಲೆ ಮೇಲೆ ಚೆಲ್ಲುತ್ತಿತ್ತು. ಪಾತ್ರೆ 25 ಲೀಟರಿನದು, ನೀರು 18 ಲೀಟರ್. ಸಾಕಲ್ವಾ ಅಂದುಕೊಂಡಿದ್ದೆ.

ಉರಿ ಸಣ್ಣ ಮಾಡಿ ನೋಡಿದೆ, ಆಗಲಿಲ್ಲ. ಮಾಲ್ಟನ್ನು ಸ್ವಲ್ಪ ಸ್ವಲ್ಪ ಸುರಿದರೂ ಕೊನೆಗೆ ಅಷ್ಟೇ ಎತ್ತರ. ನೀರನ್ನು ಅಂದಾಜಿನಲ್ಲಿ ಕಡಿಮೆ ಮಾಡಿದಾಗ ಗಂಟು ಗಂಟಾಗಿ, ಒಳಗೆ ಒಣ ಹಿಟ್ಟು ಹಾಗೇ ಉಳಿಯಿತು.

ಮೊದಲು ಪಾತ್ರೆಯನ್ನೇ ಅಳೆದೆ. ಲೀಟರ್ ಮಗ್ಗಿನಿಂದ ನೀರು ಸುರಿಯುತ್ತಾ, ಒಂದು ಬಿದಿರು ಕಡ್ಡಿಯ ಮೇಲೆ ಪ್ರತಿ ಲೀಟರಿಗೆ ಗೀಟು ಹಾಕಿದೆ. ಕಂಠದವರೆಗೆ 23 ಲೀಟರ್ ಮಾತ್ರ! ಕಲಕಲು ಜಾಗ ಬಿಟ್ಟರೆ 20.

ಆಮೇಲೆ ಮಾಲ್ಟಿನ ಜಾಗ. ಒಂದು ಕೆಜಿ ಮಾಲ್ಟ್ ನೀರಿಗೆ ಬಿದ್ದ ಮೇಲೆ ಸುಮಾರು 0.67 ಲೀಟರ್ ಜಾಗ ತಿನ್ನುತ್ತದೆ. ನಾನು ಮರೆತಿದ್ದು ಇದನ್ನೇ. 6 ಕೆಜಿಗೆ 4 ಲೀಟರ್. 18 ಕೂಡಿಸಿದರೆ 22. ಹಿಡಿಯುವುದಾದರೂ ಹೇಗೆ?

ಈಗ ಕೆಜಿಗೆ 3 ಲೀಟರ್ ಬದಲು 2.5 ಲೀಟರ್ ನೀರು. 15 ಮತ್ತು 4, ಒಟ್ಟು 19. ನಮ್ಮ ಕಡೆ ಸೆಕೆ, ಮಾಲ್ಟೇ 28 ಡಿಗ್ರಿ ಇರುತ್ತದೆ. ಹಾಗಾಗಿ ನೀರು 72 ಡಿಗ್ರಿಗೆ ಬಂದಾಗ ಒಲೆ ಆರಿಸಿ, ಮಾಲ್ಟ್ ಸುರಿದು, ತಳದಿಂದ ಕಲಕಿ ಮುಚ್ಚಳ ಹಾಕುತ್ತೇನೆ. 66ಕ್ಕೆ ನಿಲ್ಲುತ್ತದೆ. ಒಂದು ತಾಸು ಬಿಟ್ಟು ಸೋಸಿ, ಕಡಿಮೆ ಬಿದ್ದ ನೀರನ್ನು 75 ಡಿಗ್ರಿಗೆ ಕಾಯಿಸಿ ಚರಟದ ಮೇಲೆ ಹೊಯ್ಯುತ್ತೇನೆ.