ಬಿಸಿಲೂರಿಗೊಂದು ಹಿಮಗೊಂಬೆ: ಕಥೆಯ ಪೀರಿಯಡ್‌ಗೆ ಮಾಡುವ ಬಗೆ

ಡಿಸೆಂಬರ್ ಬಂದರೆ ಕಲಬುರಗಿಯ ಎಷ್ಟೋ ಶಾಲೆಗಳಲ್ಲಿ ಥರ್ಮಾಕೋಲ್ ಉಂಡೆಗೆ ಹತ್ತಿ ಅಂಟಿಸಿ ಹಿಮಗೊಂಬೆ ಮಾಡುತ್ತಾರೆ. ಜೇವರ್ಗಿ, ಶಹಾಪುರದ ಕಡೆ ಹತ್ತಿಗೇನು ಬರವಿಲ್ಲ, ನೋಡಲಿಕ್ಕೂ ಚೆಂದ. ಆದರೆ ಕಥೆ ಹೇಳಲು ಅದು ಸಾಲದು. ಮಕ್ಕಳ ಪುಸ್ತಕಗಳಲ್ಲಿ ಹಿಮಗೊಂಬೆಗೆ ಇರುವ ಸೆಳೆತವೆಲ್ಲ ಅದು ಕರಗಿಹೋಗುತ್ತದೆ ಎಂಬುದರಲ್ಲಿದೆ. ಹತ್ತಿಯದು ಬರುವ ಬೇಸಿಗೆಗೂ ಬೀರುವಿನ ಮೇಲೆ ದೂಳು ಹಿಡಿಯುತ್ತ ಕೂತಿರುತ್ತದೆ. ಹಾಗಾಗಿ ಬರ್ಫಿನದನ್ನೇ, ಅಂದರೆ ಮಂಜುಗಡ್ಡೆಯದನ್ನೇ ಮಾಡಿ.

ಮೊದಲು ಕಥೆ ಆರಿಸಿಕೊಳ್ಳಿ, ಗೊಂಬೆಯ ಒಳಗೆ ಏನಿಡಬೇಕು ಎಂಬುದು ಅದರಿಂದಲೇ ಗೊತ್ತಾಗುತ್ತದೆ. ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1861ರಲ್ಲಿ ಬರೆದ ಕಥೆಯಲ್ಲಿ ಹಿಮಗೊಂಬೆಯೊಂದು ಕಿಟಕಿಯಾಚೆ ಉರಿಯುವ ಒಲೆಯನ್ನು ಕಂಡು ಅದಕ್ಕಾಗಿ ಹಂಬಲಿಸುತ್ತದೆ. ಕರಗಿದ ಮೇಲೆ ಗುಟ್ಟು ಬಯಲಾಗುತ್ತದೆ: ಅದರ ಮೈಯೊಳಗೆ ಇದ್ದದ್ದು ಒಲೆ ಕೆದಕುವ ಸಲಾಕೆ. ನಮ್ಮ ಗೊಂಬೆಯೊಳಗೂ ಒಂದು ಕೋಲು ಅಡಗಿಸಿಡಬೇಕು. ಕಬ್ಬಿಣ ಮಾತ್ರ ಬೇಡ. ಅದರ ತುದಿ ಹೊರಗಿದ್ದರೆ ಬಿಸಿ ಒಳಗಿಳಿದು ಸುತ್ತಲಿನ ಬರ್ಫ್ ಮೊದಲು ಸಡಿಲಾಗುತ್ತದೆ, ತಲೆ ಜಾರುತ್ತದೆ. ಒಣ ಜೋಳದ ದಂಟು ಸಾಕು, 22 ಸೆಂ.ಮೀ. ಉದ್ದ.

ಬೇಕಾಗುವುದು: ಗೋಲಾ (ಬಣ್ಣದ ಐಸ್ ಉಂಡೆ) ಮಾರುವ ಗಾಡಿಯ ಯಂತ್ರದಲ್ಲಿ ಹೆರೆಸಿದ ಬರ್ಫ್ 4 ಕಿಲೊ. ಗೊಂಬೆಗೆ ಹಿಡಿಸುವುದು ಸುಮಾರು 2 ಕಿಲೊ. ಉಳಿದದ್ದರಲ್ಲಿ ಹೆಚ್ಚಿನದು ದಾರಿಯಲ್ಲಿ, ಕೈಯಲ್ಲಿ ನೀರಾಗುತ್ತದೆ. ಮಿಕ್ಸರ್‌ನಲ್ಲಿ ಮಾಡುವುದಾದರೆ ಒಮ್ಮೆಗೆ ಒಂದು ಹಿಡಿ ತುಂಡು ಹಾಕಿ, ಎರಡು ಮೂರು ಸಲ ತಿರುಗಿಸಿ ನಿಲ್ಲಿಸಿ. 16 ಸೆಂ.ಮೀ. ಅಗಲದ ಎರಡು ಬಟ್ಟಲು, 11 ಸೆಂ.ಮೀ.ನ ಎರಡು, ಎಲ್ಲವೂ ಅರ್ಧಗೋಲದಂತೆ ಆಳವಾಗಿರಲಿ. ತೆಳು ಪ್ಲಾಸ್ಟಿಕ್ ಹಾಳೆ, ಜರಡಿ, ಪರಾತ (ಅಗಲವಾದ ತಟ್ಟೆ), ಗೋಣಿತಟ್ಟು. ಕೈಗಳಿಗೆ ತೊಗರಿ ಕಟ್ಟಿಗೆ: ರಾಶಿ ಮುಗಿದ ಹೊಲದಲ್ಲಿ ಬೇಕಾದಷ್ಟು ಸಿಗುತ್ತದೆ, ಅದರ ಕವಲುಗಳೇ ಬೆರಳಾಗುತ್ತವೆ. ಕಣ್ಣಿಗೆ ಹುಣಸೆ ಬೀಜ, ಮೂಗಿಗೆ ಗಜ್ಜರಿಯ ತುದಿ.

ಫ್ರೀಜರ್‌ನಿಂದ ತೆಗೆದ ಕೂಡಲೇ ಉಂಡೆ ಕಟ್ಟಲು ಹೋದರೆ ಉದುರುತ್ತದೆ. ಬರ್ಫಿನ ಕಣಗಳ ಮೇಲೆ ತೆಳ್ಳಗೆ ನೀರಿನ ಪದರ ಬಂದಾಗಲೇ ಒತ್ತಿದರೆ ಒಂದಕ್ಕೊಂದು ಕಚ್ಚಿಕೊಳ್ಳುವುದು. ಹಿಮ ಬೀಳುವ ದೇಶಗಳಲ್ಲೂ ಕೊರೆವ ಚಳಿಯ ಪುಡಿಹಿಮದಿಂದ ಗೊಂಬೆ ಆಗುವುದಿಲ್ಲ, ಸೊನ್ನೆ ಡಿಗ್ರಿಯ ಆಸುಪಾಸಿನ ಒದ್ದೆ ಹಿಮವೇ ಬೇಕು. ಎರಡು ಮೂರು ನಿಮಿಷ ಬಿಟ್ಟು ಮುಷ್ಟಿಯಲ್ಲಿ ಹಿಡಿದು ನೋಡಿ, ಎಳ್ಳುಂಡೆಯಂತೆ ನಿಂತರೆ ಹದ ಬಂತು. ಬೆರಳ ಸಂದಿಯಿಂದ ನೀರು ಸುರಿದರೆ ಹದ ಮೀರಿದೆ, ಫ್ರೀಜರ್‌ನಿಂದ ಆಗಷ್ಟೇ ತೆಗೆದ ಬರ್ಫ್ ಬೆರೆಸಿ.

ಬಟ್ಟಲೊಳಗೆ ಪ್ಲಾಸ್ಟಿಕ್ ಹಾಸಿ, ಬರ್ಫ್ ತುಂಬಿ, ಹೆಬ್ಬೆರಳಿನಿಂದ ಬಲವಾಗಿ ಒತ್ತಿ. ಅಂಚಿಗಿಂತ ತುಸು ಉಬ್ಬಿಸಿಯೇ ತುಂಬಬೇಕು, ಇಲ್ಲವಾದರೆ ಎರಡು ಅರ್ಧಗಳು ಕೂಡುವುದಿಲ್ಲ. ಜೋಡಿಸಿ ಅರ್ಧ ನಿಮಿಷ ಅದುಮಿ ಹಿಡಿದು, ಮೇಲಿನ ಬಟ್ಟಲು ತೆಗೆಯಿರಿ. ದೊಡ್ಡುಂಡೆಯ ಬುಡವನ್ನು ಚಪ್ಪಟೆ ಮಾಡಿ, ನೆತ್ತಿಯಿಂದ ದಂಟು ಇಳಿಸಿ, ಚಿಕ್ಕುಂಡೆಯನ್ನು ಅದರ ಮೇಲೆ ಚುಚ್ಚಿ ಕೂರಿಸಿ. ದಂಟಿನ ತುದಿ ಹೊರಗೆ ಕಾಣಬಾರದು. ಹಿಂದಿನ ದಿನವೇ ಮಾಡಿ ರಾತ್ರಿಯೆಲ್ಲ ಫ್ರೀಜರ್‌ನಲ್ಲಿಟ್ಟರೆ ಗಟ್ಟಿಯಾಗುತ್ತದೆ. ಕಣ್ಣು, ಮೂಗನ್ನು ಮೂರರಲ್ಲಿ ಎರಡು ಪಾಲು ಒಳಗೆ ಹುದುಗಿಸಿ, ಮೇಲೆ ಅಂಟಿಸಿದ್ದು ಐದು ನಿಮಿಷ ನಿಲ್ಲುವುದಿಲ್ಲ.

ಹೊಳಪು ಬರಲಿ ಎಂದು ಉಪ್ಪು ಉದುರಿಸುವವರಿದ್ದಾರೆ. ಉಪ್ಪು ಬಿದ್ದ ಕಡೆ ಬರ್ಫ್ ಸೊನ್ನೆಗಿಂತ ಕೆಳಗೂ ಕರಗುತ್ತದೆ, ಮುಖದಲ್ಲಿ ಗುಂಡಿ ಬೀಳುತ್ತವೆ. ಗೊಂಬೆಗೆ ಸೆಕೆ ಎಂದು ಮಕ್ಕಳು ಫ್ಯಾನ್ ಹಾಕುತ್ತಾರೆ: ಮೈಸುತ್ತ ನಿಂತ ತಂಪುಗಾಳಿ ಹಾರಿಹೋಗಿ ಬಿಸಿಗಾಳಿ ತಾಗುವುದರಿಂದ ಇನ್ನೂ ಬೇಗ ಕರಗುತ್ತದೆ. ಪರಾತದಲ್ಲಿ ನೇರವಾಗಿ ಇಟ್ಟರೆ ನಿಂತ ನೀರು ಬುಡವನ್ನು ತಿಂದು ಗೊಂಬೆ ಮುಗ್ಗರಿಸುತ್ತದೆ. ಪರಾತದ ಮೇಲೆ ಜರಡಿ ಬೋರಲು ಹಾಕಿ, ಅದರ ಮೇಲೆ ಗೋಣಿತಟ್ಟು, ಆಮೇಲೆ ಗೊಂಬೆ.

ಚಳಿಗಾಲದ ಬೆಳಿಗ್ಗೆ ಹತ್ತಕ್ಕೆ ಜಗಲಿಯ ನೆರಳಲ್ಲಿಟ್ಟು ಕಥೆಯನ್ನು ಒಲೆ ಕಾಣುವ ಭಾಗದವರೆಗೆ ಓದಿ ನಿಲ್ಲಿಸಿ. ತಲೆ ಕರಗಲು ಹಲವು ತಾಸು ಬೇಕಾದೀತು. ದಂಟು ಹೊರಬೀಳುವವರೆಗೆ ಕಾಯಿರಿ, ಕೊನೆಯ ಪುಟ ಆಗ ಓದಿ. ಏಪ್ರಿಲ್, ಮೇ ತಿಂಗಳ ನಲವತ್ತು ಡಿಗ್ರಿಯಲ್ಲಿ ಈ ಲೆಕ್ಕ ನಡೆಯದು.

ಬೀದರಿನ ತರಗತಿಗಳಲ್ಲಿ ಕನ್ನಡದ ಜೊತೆ ಮರಾಠಿ, ಉರ್ದು, ತೆಲುಗು ಮನೆಮಾತಿನ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ಅಲ್ಲಿಗೆ ರೇಮಂಡ್ ಬ್ರಿಗ್ಸ್‌ ಅವರ 1978ರ ಹಿಮಗೊಂಬೆ ಪುಸ್ತಕ ಹೆಚ್ಚು ಒಪ್ಪುತ್ತದೆ, ಅದರಲ್ಲಿ ಮಾತೇ ಇಲ್ಲ, ಬರೀ ಚಿತ್ರ. ಪ್ರತಿ ಪುಟಕ್ಕೂ ಮಕ್ಕಳೇ ತಮ್ಮ ಮಾತಿನಲ್ಲಿ ಕಥೆ ಹೇಳಲಿ, ಶಿಕ್ಷಕರು ಬಾಯಿ ಹಾಕದಿದ್ದರೆ ಒಳ್ಳೆಯದು. ಈ ಪುಸ್ತಕಕ್ಕಾದರೆ ಗೊಂಬೆಗೆ ಟೋಪಿ, ಶಾಲು ತಪ್ಪದೆ ಹಾಕಿ, ಏಕೆಂದರೆ ಕೊನೆಯಲ್ಲಿ ಉಳಿಯುವುದು ಅವೇ.

ಉಳಿದ ಬರ್ಫಿನಲ್ಲಿ ಅಂಗೈಯಗಲದ ಎರಡು ಗೊಂಬೆ ಮಾಡಿ, ಒಂದಕ್ಕೆ ಕಂಬಳಿ ತುಂಡು ಸುತ್ತಿ, ಯಾವುದು ಮೊದಲು ಕರಗುತ್ತದೆಂದು ಕೇಳಿ. ಹೆಚ್ಚಿನ ಮಕ್ಕಳು ಕಂಬಳಿಯದ್ದು ಎನ್ನುತ್ತಾರೆ. ಆಗುವುದು ತಿರುವುಮುರುವು, ಕಂಬಳಿ ಹೊರಗಿನ ಬಿಸಿಯನ್ನು ತಡೆಯುತ್ತದೆ. ಗಾಡಿಯವರು ಬರ್ಫಿಗೆ ಗೋಣಿ ಸುತ್ತುವುದೂ ಅದಕ್ಕೇ. ಹೊರಗಿನಿಂದ ತಂದ ಬರ್ಫ್ ಯಾವ ನೀರಿನದೋ, ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ನೀರನ್ನು ಗಿಡಕ್ಕೆ ಹಾಕಿ.